ರಾಬರ್ಟ್ ಬಾಷನ ಜೀವಿತವೂ ಕಿಡಿಯ ಸಮಯವೂ

ಹಲವು ವರ್ಷಗಳ ಹಿಂದೆ ನಾವು ಮಾಗಡಿಯಿಂದ ತಿಪ್ಪಸಂದ್ರಕ್ಕೆ ಒಂದು ಹಳೆಯ ಕಾರಿನಲ್ಲಿ ಪದೇ ಪದೇ ಪ್ರಯಾಣಮಾಡಬೇಕಾಗಿದ್ದಿತು. ಸಮನೆಲದಲ್ಲಿ ಆ ಕಾರು ಸಾಧುವಾದ ಎತ್ತಿನಂತೆ ನಡೆಯುತ್ತಿತ್ತು. ಏರು ಬಂದೊಡನೆ ಸೊರಗುವುದು, ರೇಡಿಯೇಟರಿನ ನೀರು ಕುದಿದು ಆವಿಯೇಳುವುದು. ಕುದಿಯುವುದನ್ನು ಕಂಡವರೆಲ್ಲರೂ ರೇಡಿಯೇಟರನ್ನೇ ದೂರಿದರು. ಅದನ್ನು ತೊಳೆಯಿಸಿದೆವು, ಫ್ಯಾನಿನ ಬೆಲ್ಟನ್ನು ಬದಲಾಯಿಸಿದೆವು, ಕಾರ್ಬ್ಯುರೇಟರನ್ನು ಬಿಚ್ಚಿಸಿ ಶುದ್ಧಮಾಡಿಸಿದೆವು. ಕಡೆಗೆ ಒಬ್ಬ ಮೆಕ್ಯಾನಿಕನು ಕಿಡಿಯ ಟೈಮಿಂಗನ್ನು ಸರಿಪಡಿಸಿಕೊಟ್ಟನು. ಕಾರು ಎರಡು ದಿನ ಸೊಗಸಾಗಿ ಓಡಿ, ಮೂರನೆಯ ದಿನ ಪುನಃ ಹಿಂದಿನಂತೆಯೇ ಆಯಿತು. ಒಮ್ಮೆ ಸರಿಪಡಿಸಿದ್ದು ತಾನಾಗಿ ಕೆಡುವುದೆಂತು? ಈ ತೊಡಕಿನ ವಿಚಾರವಾಗಿ ಓದತೊಡಗಿದಾಗಲೇ ನಮಗೆ ರಾಬರ್ಟ್ ಬಾಷ್ ಎಂಬ ಮಹನೀಯನ ಪರಿಚಯವಾಯಿತು. ಆತನ ಹೆಸರನ್ನು ಬೆಂಗಳೂರಿನವರು ಕಾರ್ಖಾನೆಯ ಗೋಡೆಯ ಮೇಲೆ ದಿನವೂ ಓದುತ್ತಾರೆ; ಆತನ ಜೀವಿತವನ್ನು ತಿಳಿದವರು ಅಲ್ಪರು.

ರಾಬರ್ಟ್ ಬಾಷನು 1861ನೆಯ ಇಸವಿ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಒಕ್ಕಲುತನದ ಜೊತೆಗೆ ದಾರಿಗರ ಛತ್ರವನ್ನು ನಡೆಯಿಸುತ್ತಿದ್ದನು. ಹನ್ನೆರಡು ಮಕ್ಕಳಲ್ಲಿ ಈತನು ಹನ್ನೊಂದನೆಯವನು. ಶಾಲೆಯನ್ನು ಮುಗಿಸಿ ಉಲ್ಮಿನಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿಯಲು ಸೇರಿದನು. ಅಲ್ಲಿನ ಗುರುವು ಶಿಷ್ಯರಿಗೆ ಕಲಿಸುವುದರಲ್ಲಿ ಆಸ್ಥೆಯಿಲ್ಲದವನಾಗಿದ್ದನೆಂಬ ಕೊರಗು ಬಾಷನಿಗೆ ಕಡೆಯವರೆಗೂ ಉಳಿಯಿತು. 1913ರಲ್ಲಿ ತನ್ನ ಕಾರ್ಖಾನೆಯಲ್ಲಿಯೇ ಕಲಿಯುವ ಹುಡುಗರಿಗಾಗಿ ಪ್ರತ್ಯೇಕವಾದ ಶಿಕ್ಷಣಶಾಲೆಯನ್ನು ತೆರೆದುದಕ್ಕೆ ಈ ಕೊರಗೂ ಒಂದು ಕಾರಣವಾಗಿದ್ದಿರಬೇಕೆಂದು ನಾವು ಊಹಿಸುತ್ತೇವೆ. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನನ ಕಾರ್ಖಾನೆಯಲ್ಲಿ ದುಡಿದು, ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸೋದರರ ಬಳಿಯೂ ಸ್ವಲ್ಪ ಕಾಲವಿದ್ದು, ಸ್ವದೇಶಕ್ಕೆ ಹಿಂದಿರುಗಿದನು.

1886ನೆಯ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದ ಒಂದು ಹಿತ್ತಿಲ ಮನೆಯಲ್ಲಿ ಆತನ ಕಮ್ಮಟವು ಆರಂಭವಾಯಿತು. ಕೆಲಸಗಾರನೊಬ್ಬ, ಓಡಾಡುವ ಹುಡುಗನೊಬ್ಬ, ಇವರೇ ಪರಿವಾರ. ಟೆಲಿಫೋನು, ವಿದ್ಯುತ್ತಿನ ಗಂಟೆ, ಯಾರು ಏನು ಕೇಳಿದರೆ ಅದನ್ನು ಮಾಡಿಕೊಡುವುದು. ಗಿರಾಕಿಗಳ ಬಳಿಗೆ ಬೈಸಿಕಲ್ಲಿನಲ್ಲಿ ಹೋಗುತ್ತಿದ್ದುದನ್ನು ಊರವರು ಬೆರಗಾಗಿ ನೋಡುತ್ತಿದ್ದರಂತೆ. ಕೆಲವು ವರ್ಷ ಬಹಳ ಕಷ್ಟವಾಯಿತು. ಕೆಲಸಗಾರರಲ್ಲಿ ಹೆಚ್ಚಿನವರನ್ನು ಬಿಡಬೇಕಾಗಿಯೂ ಬಂದಿತು.

1887ರಲ್ಲಿ ಒಬ್ಬ ಗಿರಾಕಿಯ ಕೇಳಿಕೆಯ ಮೇರೆಗೆ ಬಾಷನು ಒಂದು ಮ್ಯಾಗ್ನೆಟೋವನ್ನು ಕಟ್ಟಿದನು. ನೆಲದಲ್ಲಿ ನೆಟ್ಟು ನಿಲ್ಲಿಸುವ ಗ್ಯಾಸ್ ಎಂಜಿನ್ನಿಗೆ ಕಿಡಿಯನ್ನು ಒದಗಿಸುವ ಯಂತ್ರವದು. ಇದು ಆತನ ಸ್ವಂತ ಕಲ್ಪನೆಯಲ್ಲ. ಡಾಯ್ಟ್ಸ್ ಕಾರ್ಖಾನೆಯವರು ಅಂಥದನ್ನು ಆಗಲೇ ಮಾಡಿದ್ದರು. ಬಾಷನು ಅದನ್ನು ತಿದ್ದಿ ದೃಢಪಡಿಸಿದನು. ಅಯಸ್ಕಾಂತದ ನಡುವೆ ತಂತಿ ಸುತ್ತಿದ ಭಾರವಾದ ಕಬ್ಬಿಣದ ತಿರುಳೊಂದು ಅತ್ತಿತ್ತ ತೂಗಾಡಿದರೆ ವಿದ್ಯುತ್ತು ಹುಟ್ಟಿ ಕಿಡಿ ಹಾರುವುದು. ನಿಧಾನವಾಗಿ ನಡೆಯುವ ಎಂಜಿನ್ನಿಗೆ ಅಷ್ಟು ಸಾಕಾಗಿದ್ದಿತು.

ಮೋಟಾರು ಗಾಡಿಗಳ ಪಾಡು ಬೇರೆ. ಡೈಮ್ಲರನ ಗಾಡಿಗಳಲ್ಲಿ ಒಂದು ಕೊಳವೆಯನ್ನು ಜ್ವಾಲೆಯಿಂದ ಕೆಂಪಗೆ ಕಾಯಿಸಿಡುತ್ತಿದ್ದರು. ಒತ್ತಿದ ಅನಿಲವು ಆ ಕೊಳವೆಯನ್ನು ಮುಟ್ಟಿ ಹೊತ್ತಿಕೊಳ್ಳುವುದು. ಯಾವ ಕ್ಷಣದಲ್ಲಿ ಹೊತ್ತಬೇಕೆಂದು ನಿಯಮಿಸುವುದಕ್ಕೆ ಮಾರ್ಗವಿರಲಿಲ್ಲ. ಬೆಂಜನು ಬ್ಯಾಟರಿಯನ್ನು ನೆಚ್ಚಿದನು; ಅದು ಬೇಗನೆ ಬರಿದಾಗುತ್ತಿತ್ತು. ಕಿಡಿ ಹೊತ್ತಿಸುವ ಈ ತೊಡಕೇ ಎಲ್ಲ ತೊಡಕುಗಳಿಗೂ ಮೇಲಾದದ್ದೆಂದು ಬೆಂಜನು ಎಣಿಸಿದ್ದನು. (ಆತನ ಪತ್ನಿ ಬರ್ಥಾ 1888ರಲ್ಲಿ ಇಬ್ಬರು ಹುಡುಗರೊಂದಿಗೆ ಅದೇ ಬಗೆಯ ಗಾಡಿಯನ್ನು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನಡೆಯಿಸಿಕೊಂಡು ಹೋಗಿ, ದಾರಿಯಲ್ಲಿ ಬಂದ ಕೆಡುಕುಗಳನ್ನು ತಾನೇ ನೋಡಿ ಸರಿಪಡಿಸಿದಳು. ಯಂತ್ರವೆಂದರೆ ಗಂಡಸರ ವಿದ್ಯೆಯೆಂದು ಭಾವಿಸಿರುವ ನಮ್ಮ ಹುಡುಗಿಯರು ಆಕೆಯ ವೃತ್ತಾಂತವನ್ನೂ ಹುಡುಕಿ ಓದಲಿ.)

1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ಇಂಗ್ಲೆಂಡಿನ ವ್ಯಾಪಾರಿಯು ಡೆ ದಿಯೋನ್ ಬೂತೋನ್ ಎಂಬ ಮೂರು ಗಾಲಿಯ ಗಾಡಿಗೆ ಮ್ಯಾಗ್ನೆಟೋವನ್ನು ಜೋಡಿಸಿಕೊಡಬೇಕೆಂದು ಬಾಷನನ್ನು ಕೇಳಿದನು. ಅದರ ಪುಟ್ಟ ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತಿಗೂ ಮೀರಿ ತಿರುಗುತ್ತಿತ್ತು. ಹಳೆಯ ಮ್ಯಾಗ್ನೆಟೋ ಆ ವೇಗವನ್ನು ಹಿಂಬಾಲಿಸಲಾರದೆ ಹೋಯಿತು. ದೋಷವು ಅಯಸ್ಕಾಂತದಲ್ಲಿಯೂ ಇರಲಿಲ್ಲ, ತಂತಿಯಲ್ಲಿಯೂ ಇರಲಿಲ್ಲ. ತೂಗಾಡುವ ಭಾಗದ ತೂಕದಲ್ಲಿದ್ದಿತು. ಭಾರವಾದ ತಿರುಳು ಒಂದು ಸಾರಿ ತೂಗಿ ಹಿಂದಿರುಗುವುದರೊಳಗೆ ಮುಂದಿನ ಕಿಡಿಯ ಹೊತ್ತು ಮೀರುತ್ತಿತ್ತು. ಬಾಷನ ಕಮ್ಮಟದ ಆರ್ನೋಲ್ಡ್ ಟ್ಸೇರಿಂಗರನೆಂಬವನು ಇದಕ್ಕೆ ಉಪಾಯವನ್ನು ಕಂಡನು: ತಿರುಳನ್ನು ಅಲುಗದಂತೆ ನಿಲ್ಲಿಸಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಲೋಹದ ತೋಳೊಂದನ್ನು ಮಾತ್ರ ತೂಗಾಡಿಸುವುದು. ಕಿಡಿಯು ಎಂಜಿನ್ನಿನ ವೇಗಕ್ಕೆ ಸರಿಗೂಡಿತು. ಬಾಷನ ಭಾಗ್ಯದ ಬಾಗಿಲು ತೆರೆದುದು ಇಲ್ಲಿಂದಲೇ.

ಆದರೂ ಸಿಲಿಂಡರಿನೊಳಗೆ ಕಿಡಿಗಾಗಿ ತೆರೆದು ಮುಚ್ಚುವ ಸಣ್ಣ ಲೋಹದ ತುಂಡುಗಳೂ ಅವನ್ನು ಎಳೆಯುವ ಸಲಾಕಿಗಳೂ ಬೇಕಾಗಿದ್ದವು. ಅವು ಸವೆದಂತೆಲ್ಲ ಕಿಡಿಯ ಸಮಯವು ತಪ್ಪುವುದು. ಈ ಕ್ಲೇಶವನ್ನು ನೀಗಿಸೆಂದು ಬಾಷನು ಗಾಟ್ಲೋಬ್ ಹೋನೋಲ್ಡನಿಗೆ ಹೇಳಿದನು. ಆತನು 1902ರಲ್ಲಿ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ನಿರ್ಮಿಸಿದನು. ಅಲುಗುವ ಭಾಗಗಳೆಲ್ಲ ಸಿಲಿಂಡರಿನ ಹೊರಗಾದವು.

ಸಮಯದ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಪೆಟ್ರೋಲಿನ ಆವಿಯು ಕಿಡಿ ತಗಲಿದೊಡನೆ ಪೂರ್ತಿಯಾಗಿ ಉರಿಯುವುದಿಲ್ಲ. ಅದಕ್ಕೂ ಕಿಂಚಿತ್ ಕಾಲ ಬೇಕು. ಆದುದರಿಂದ ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನೂ ಮೊದಲು. ಬಹಳ ಬೇಗನೆ ಹಾರಿದರೆ ಎಂಜಿನ್ನು ಕಟಕಟನೆ ಬಡಿಯುವುದು. ತಡವಾದರೆ ಬಲವು ಕುಂದಿ, ವ್ಯರ್ಥವಾದ ಶಾಖವು ಎಂಜಿನ್ನನ್ನೂ ನೀರನ್ನೂ ಕಾಯಿಸುವುದು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ 10 ಡಿಗ್ರಿ ತಪ್ಪಿತೆಂದರೆ, ಒಂದು ಸೆಕೆಂಡಿನ 1800ನೆಯ ಒಂದು ಪಾಲು ಮಾತ್ರ ತಪ್ಪಿತೆಂದರ್ಥ. ಅಷ್ಟರಿಂದಲೇ ಕಾರು ಏರನ್ನು ಹತ್ತಲಾರದು.

ನಮ್ಮ ಕಾರಿನ ರೋಗವೂ ಇದೇ ಆಗಿದ್ದಿತು. ತಿಪ್ಪಸಂದ್ರದಲ್ಲಿ ಒಬ್ಬ ಮುದುಕ ಮೆಕ್ಯಾನಿಕನು ರೇಡಿಯೇಟರಿನ ಕಡೆಗೆ ತಿರುಗಿಯೂ ನೋಡದೆ, ಕಿಡಿಗಳನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ಕೈಯಿಂದ ಹಿಡಿದು ತಿರುವಿದನು. ಅದು ತಿರುಗಿತು! ಅದನ್ನು ಬಿಗಿಹಿಡಿಯುವ ಪಟ್ಟಿಯ ನಟ್ಟು ಸವೆದಿದ್ದಿತು. ಒಳಗಿನ ದಂಡವು ತಿರುಗುವ ಎಳೆತಕ್ಕೆ ಹೊರಗಿನ ಒಡಲೂ ದಿನದಿನಕ್ಕೆ ಕೂದಲೆಳೆಯಷ್ಟು ಜರುಗಿ, ಕಿಡಿಯು ತಡವಾಗುತ್ತ ಹೋಗುತ್ತಿದ್ದಿತು. ಹಿಂದಿನವನು ಸಮಯವನ್ನು ಸರಿಯಾಗಿಯೇ ಇಟ್ಟಿದ್ದನು. ಇಟ್ಟ ಸಮಯವು ನಿಲ್ಲುವುದೋ ಎಂದು ನೋಡಲಿಲ್ಲ. ಹೊಸ ನಟ್ಟಿಗೆ ನಾವು ತೆತ್ತ ಹಣವನ್ನು ಇಲ್ಲಿ ಹೇಳಿದರೆ, ಮೊದಲು ತೆತ್ತುದನ್ನೂ ಹೇಳಬೇಕಾಗುವುದು, ಅದು ಬೇಡ.

ಬಾಷನ ಕಾರ್ಖಾನೆಯು ಬೆಳೆದಂತೆ ಆತನ ಸ್ವಭಾವವೂ ಹೊರಬಿದ್ದಿತು. ನೆಲದ ಮೇಲೆ ಬಿದ್ದಿದ್ದ ಕಾಗದದ ಕ್ಲಿಪ್ಪೊಂದನ್ನು ಎತ್ತಿ ತೋರಿಸಿ, ಅದು ತನ್ನ ಹಣವೆಂದು ಕೆಲಸಗಾರನನ್ನು ಗದರಿಸಿದನೆಂಬ ಕಥೆಯುಂಟು. ಇಷ್ಟು ಬಿಗಿಯಾದವನೇ 1906ರಲ್ಲಿ, ಇತರ ಕಾರ್ಖಾನೆಗಳಲ್ಲಿ ಬಹಳ ಹೊತ್ತು ದುಡಿಸುತ್ತಿದ್ದ ಕಾಲದಲ್ಲಿ, ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ಗೊತ್ತುಮಾಡಿದನು. ಉಳಿದ ಯಜಮಾನರು ಆತನನ್ನು ಕೆಂಪು ಬಾಷನೆಂದು ಹಾಸ್ಯಮಾಡಿದರು. 1913ರಲ್ಲಿ ತನ್ನ ಕೆಲಸಗಾರರೇ ಮುಷ್ಕರ ಹೂಡಿದಾಗ ಆತನಿಗೆ ತುಂಬ ನೋವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ, ನೆಕ್ಕಾರ್ ನದಿಯ ಕಾಲುವೆಯ ಕೆಲಸಕ್ಕೆ ಸುಮಾರು 1 ಕೋಟಿ 30 ಲಕ್ಷ ಮಾರ್ಕುಗಳನ್ನು ದಾನಮಾಡಿದನು. 1921ರಲ್ಲಿ ಒಬ್ಬನೇ ಮಗನು ದೀರ್ಘವ್ಯಾಧಿಯಿಂದ ತೀರಿಕೊಂಡನು. 1927ರಲ್ಲಿ ಡೀಸೆಲ್ ಎಂಜಿನ್ನಿನ ಇಂಧನದ ಪಂಪು ಕಾರ್ಖಾನೆಯಿಂದ ಹೊರಬಂದಿತು. ಡೀಸೆಲಿಗೆ ಕಿಡಿ ಬೇಡ. ತಕ್ಕ ಕ್ಷಣದಲ್ಲಿ ಇಂಧನವನ್ನು ಚಿಮ್ಮಿಸುವುದೇ ಅಲ್ಲಿ ಟೈಮಿಂಗು.

ಕಡೆಯ ವರ್ಷಗಳನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ. ನಾತ್ಸಿಗಳ ಆಳ್ವಿಕೆಯನ್ನು ಬಾಷನು ಮೆಚ್ಚಲಿಲ್ಲ. ಹಿಂಸೆಗೆ ಗುರಿಯಾದ ಯೆಹೂದ್ಯರಿಗೆ ಆತನೂ ಆತನ ಸಂಗಡಿಗರೂ ಸಹಾಯಮಾಡಿದರು. ಹಿಟ್ಲರನ ವಿರೋಧಿಯಾದ ಗೋರ್ಡೆಲರನಿಗೆ ಆಶ್ರಯವಿತ್ತರು. ಅದೇ ಕಾಲದಲ್ಲಿ ಅದೇ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನು ಒದಗಿಸಿದವು. ಬಲಾತ್ಕಾರದಿಂದ ತರಲ್ಪಟ್ಟ ಸಾವಿರಾರು ಮಂದಿ ಅಲ್ಲಿ ದುಡಿದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತೀರ್ಪುಹೇಳುವುದು ನಮ್ಮಿಂದಾಗದು. 1940ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆತನು ಕಟ್ಟಿಸಿದ ಹೋಮಿಯೋಪತಿ ಆಸ್ಪತ್ರೆಯು ತೆರೆಯಿತು. 1942ನೆಯ ಮಾರ್ಚ್ 12ರಂದು ಬಾಷನು ತೀರಿಕೊಂಡನು. ತಾನು ಒಪ್ಪದ ಸರಕಾರವೇ ರಾಜಮರ್ಯಾದೆಯಿಂದ ಆತನ ಉತ್ತರಕ್ರಿಯೆಯನ್ನು ನಡೆಯಿಸಿತು.

ಆತನು ತೀರಿಕೊಂಡ ಒಂಬತ್ತು ವರ್ಷಗಳ ತರುವಾಯ, 1951ರಲ್ಲಿ, ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು ಸ್ಥಾಪಿತವಾಯಿತು. ಜನರು ಅದನ್ನು ಮೈಕೋ ಎಂದೇ ಕರೆದರು. ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ದೇಶವೆಲ್ಲ ಹರಡಿದವು. 2008ರಲ್ಲಿ ಕಂಪೆನಿಗೆ ಬಾಷನ ಹೆಸರನ್ನೇ ಇಟ್ಟರು. ಅನಂತರ ನಮ್ಮ ರಾಮನಗರದ ಸೀಮೆಯ ಬಿಡದಿಯಲ್ಲಿಯೂ ಅವರ ಕಾರ್ಖಾನೆಯಾಯಿತು. ಹೊಸ ಕಾರುಗಳಲ್ಲಿ ತಿರುಗುವ ಡಿಸ್ಟ್ರಿಬ್ಯೂಟರೇ ಇಲ್ಲ. ಕಿಡಿಯ ಹೊತ್ತನ್ನು ಒಂದು ಪುಟ್ಟ ಕಂಪ್ಯೂಟರು ಲೆಕ್ಕಹಾಕುತ್ತದೆ. ನಮ್ಮ ಹಳೆಯ ಕಾರನ್ನು ಮಾರಿದಾಗ ಕೊಂಡವರಿಗೆ ಆ ನಟ್ಟನ್ನು ಮಾತ್ರ ತೋರಿಸಿಕೊಟ್ಟೆವು.