ಆಟಕ್ಕೆ ಜಾತಿ ಇಲ್ಲ ಎನ್ನುವುದು ನಿಜವೇ? ಧಾರವಾಡದಲ್ಲಿ ಹುಟ್ಟಿದ ಬೌಲರ್ ಬಾಲೂ ಬದುಕು ಏನು ಹೇಳುತ್ತದೆ?

ಏಪ್ರಿಲ್ 14ರಂದು ನಮ್ಮೆಲ್ಲರ ಫೋನಿಗೂ ಅಂಬೇಡ್ಕರ್ ಜಯಂತಿಯ ಶುಭಾಶಯಗಳು ಬರುತ್ತವೆ. ಮರುದಿನ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ವಿಶೇಷ ನಡೆಯುತ್ತದೆ. ಅಂದು ಎಲ್ಲ ತಂಡಗಳ ಎಲ್ಲ ಆಟಗಾರರೂ 42 ಎಂಬ ಒಂದೇ ಸಂಖ್ಯೆಯ ಅಂಗಿ ತೊಟ್ಟು ಆಡುತ್ತಾರೆ. ಅದು ಜಾಕಿ ರಾಬಿನ್ಸನ್ ಅವರ ಸಂಖ್ಯೆ. ಸುಮಾರು 60 ವರ್ಷ ಕಪ್ಪು ಜನರನ್ನು ಹೊರಗಿಟ್ಟಿದ್ದ ಅಲ್ಲಿನ ಅಗ್ರ ಲೀಗ್‌ನಲ್ಲಿ ಅವರು 1947ರ ಏಪ್ರಿಲ್ 15ರಂದು ಕಣಕ್ಕಿಳಿದರು. 50 ವರ್ಷ ತುಂಬಿದ 1997ರಲ್ಲಿ ಆ ಸಂಖ್ಯೆಯನ್ನು ಎಲ್ಲ ತಂಡಗಳೂ ಅವರ ಹೆಸರಿಗೇ ಮೀಸಲಿಟ್ಟವು.

ಆಟದ ಮೈದಾನದಲ್ಲಿ ಜಾತಿಯಿಲ್ಲ, ಪ್ರತಿಭೆ ಇದ್ದರೆ ಯಾರೂ ತಡೆಯಲಾರರು ಎಂಬ ಸಂದೇಶ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಅದು ಎಷ್ಟು ನಿಜ? ಇದನ್ನು ತಿಳಿಯಲು ರಾಬಿನ್ಸನ್ ಅವರಿಗಿಂತ 40 ವರ್ಷ ಮೊದಲೇ ಇಂಥದ್ದೇ ಬಾಗಿಲು ತಟ್ಟಿದ, ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬ ಕ್ರಿಕೆಟಿಗನ ಬದುಕನ್ನು ನೋಡೋಣ.

ಪಿಚ್ ಗುಡಿಸುತ್ತಿದ್ದ ಹುಡುಗ

ಪಾಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಅವರದು ಚರ್ಮದ ಕೆಲಸದ ಕಾರಣಕ್ಕೆ ಅಂದಿನ ಸಮಾಜ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಸಮುದಾಯ. ತಂದೆ ಸೈನ್ಯಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದರು. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ ಒಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವುದು ಹುಡುಗ ಬಾಲೂ ಅವರ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಬ್ರಿಟಿಷರ ಪೂನಾ ಕ್ಲಬ್ ಸೇರಿದಾಗ ಅದು 4 ರೂಪಾಯಿ ಆಯಿತು.

ಅಲ್ಲಿ ಬ್ರಿಟಿಷ್ ಅಧಿಕಾರಿಗಳ ಅಭ್ಯಾಸಕ್ಕೆ ಚೆಂಡು ಎಸೆಯುವ ಕೆಲಸವೂ ಅವರ ಪಾಲಿಗೆ ಬಂತು. ಜೆ.ಜಿ. ಗ್ರೆಗ್ ಎಂಬ ಹೆಸರಾಂತ ಬ್ಯಾಟರ್‌ಗೆ ಅವರು ಗಂಟೆಗಟ್ಟಲೆ ಬೌಲ್ ಮಾಡುತ್ತಿದ್ದರು. ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಸಿಗುತ್ತಿರಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೆವರು ಸುರಿಸುವ ಬೌಲಿಂಗ್ ಆಳುಗಳ ಕೆಲಸ ಎಂಬ ಭಾವನೆ ಆಗ ಇತ್ತು.

ಬಾಲೂ ಎಡಗೈ ಸ್ಪಿನ್ನರ್. ಇಂಥ ಬೌಲರ್ ಬೆರಳಿನಿಂದ ತಿರುಗಿಸಿ ಬಿಟ್ಟ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ಬ್ಯಾಟರ್‌ನಿಂದ ಆಚೆಗೆ ಸರಿಯುತ್ತದೆ. ಎಲ್ಲಿ ಬೀಳಿಸಬೇಕು, ಎಷ್ಟು ನಿಧಾನ ಮಾಡಬೇಕು ಎಂಬ ಹಿಡಿತ ಬರುವುದು ಮತ್ತೆ ಮತ್ತೆ ಎಸೆದಾಗಲೇ. ಸಂಬಳದ ಆ ದುಡಿಮೆಯೇ ಅವರ ತರಬೇತಿಯೂ ಆಯಿತು.

ಚೆಂಡಿಗೆ ಇಲ್ಲದ ಮೈಲಿಗೆ ಚಹಾಕ್ಕೆ

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಲು ಒಳ್ಳೆಯ ಬೌಲರ್ ಬೇಕಿತ್ತು. ಹಾಗಾಗಿ ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದಾಗ ಮಾತ್ರ ತಂಡದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ. ಅವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ.

ಸ್ವಲ್ಪ ಯೋಚಿಸಿ. ಕ್ರಿಕೆಟ್ ಚೆಂಡು ಚರ್ಮದ್ದು. ಆಗ ಬೆವರು, ಉಗುಳು ಹಚ್ಚಿಸಿಕೊಂಡು ಅದು 11 ಜನರ ಕೈ ದಾಟುತ್ತಿತ್ತು. ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದೇ ಆಗಿದ್ದರೆ ಮೈಲಿಗೆ ಲೋಟಕ್ಕಿಂತ ಮೊದಲು ಚೆಂಡಿನಲ್ಲಿ ದಾಟಬೇಕಿತ್ತು. ರೋಗಾಣು ಹಾಗೆ ದಾಟಬಹುದು, ಆದರೆ ಅದು ಯಾರ ಜಾತಿಯನ್ನೂ ಕೇಳುವುದಿಲ್ಲ. ಮುಟ್ಟಿದರೆ ಮೈಲಿಗೆ ಎನ್ನುವುದಕ್ಕೆ ದೇಹದಲ್ಲಾಗಲಿ ವಿಜ್ಞಾನದಲ್ಲಾಗಲಿ ಆಧಾರವಿಲ್ಲ. ಗೆಲ್ಲಬೇಕಾದಾಗ ಅದನ್ನು ಬದಿಗಿಟ್ಟರು, ಚಹಾ ಬಂದಾಗ ಮತ್ತೆ ಎತ್ತಿಕೊಂಡರು.

ಇದು ದೂರದ ಪುಣೆಯ ಕತೆ ಮಾತ್ರ ಅಲ್ಲ. ನಮ್ಮ ಸಕಲೇಶಪುರ, ಆಲೂರು ಕಡೆಯ ಹಿರಿಯರನ್ನು ಕೇಳಿ ನೋಡಿ. ಹೋಟೆಲಿನ ಬೇರೆ ಲೋಟ, ಕರಟದಲ್ಲಿ ಕೊಡುತ್ತಿದ್ದ ಕಾಫಿ ಮಲೆನಾಡಿಗೆ ಹೊಸದಲ್ಲ. ಆ ಕಾಫಿಯ ಹಣ್ಣು ಕೊಯ್ದು, ಒಣಗಿಸಿ, ಚೀಲ ತುಂಬಿದ ಕೈಗಳಿಗೇ ಬೇರೆ ಪಾತ್ರೆ!

ಗೆಲುವು ಬಂತು, ನಾಯಕತ್ವ ಬರಲಿಲ್ಲ

ಮುಂದೆ ಬಾಲೂ ಮುಂಬೈಗೆ ಹೋಗಿ ಹಿಂದೂ ಜಿಮ್ಖಾನಾ ತಂಡಕ್ಕೆ ಆಡಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಆ ಪಂದ್ಯದಲ್ಲಿ ಬಾಲೂ ಪಡೆದದ್ದು 8 ವಿಕೆಟ್. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೊಡ್ಡದಾಯಿತು. 1911ರಲ್ಲಿ ಪಟಿಯಾಲದ ಮಹಾರಾಜರ ನೇತೃತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಅಪರಿಚಿತ ನೆಲ, ಅಪರಿಚಿತ ಹವೆ. ತಂಡ ಹೆಚ್ಚು ಸೋತರೂ ಬಾಲೂ ಒಬ್ಬರೇ 114 ವಿಕೆಟ್ ಪಡೆದರು.

ಇಷ್ಟಾದರೂ ಹಿಂದೂ ತಂಡದ ನಾಯಕನನ್ನಾಗಿ ಅವರನ್ನು ಆರಿಸಲಿಲ್ಲ. ಅವರ ತಮ್ಮಂದಿರಾದ ಶಿವರಾಮ, ಗಣಪತ್, ವಿಠ್ಠಲ್ ಕೂಡ ಒಳ್ಳೆಯ ಆಟಗಾರರೇ. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಬಿಟ್ಟು, ನಾಯಕತ್ವವನ್ನು ಬೇರೆಯವರಿಗೆ ಕೊಟ್ಟಾಗ ಶಿವರಾಮ ಮತ್ತು ವಿಠ್ಠಲ್ ಬಹಿರಂಗವಾಗಿ ಪ್ರತಿಭಟಿಸಿ ಆಟದಿಂದ ಹಿಂದೆ ಸರಿದರು. ಒತ್ತಡ ಹೆಚ್ಚಿತು. ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ್ ನಾಯಕರಾಗಿ ತಂಡವನ್ನು ಗೆಲ್ಲಿಸಿದರು. ಅಣ್ಣ ತಟ್ಟಿದ ಬಾಗಿಲು ತಮ್ಮನಿಗೆ ತೆರೆಯಿತು. ಅದನ್ನು ತೆರೆಸಿದ್ದು ಪ್ರತಿಭೆ ಒಂದೇ ಅಲ್ಲ, ಆಡುವುದಿಲ್ಲ ಎಂದು ನಿಂತ ಧೈರ್ಯ.

ಭಾರತ ಮೊದಲ ಟೆಸ್ಟ್ ಆಡಿದ 1932ರಲ್ಲಿ ಬಾಲೂ ಅವರಿಗೆ 56 ವರ್ಷ. ಅದೇ ವರ್ಷ ಅವರು ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. ಒಂದು ಕಾಲದಲ್ಲಿ ಅವರ ಆಟವನ್ನು ಮೆಚ್ಚಿದ್ದ ಅಂಬೇಡ್ಕರ್ ಅವರ ಎದುರೇ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು, ಸುಮಾರು 2,000 ಮತಗಳಿಂದ ಸೋತರು. 1955ರಲ್ಲಿ ತೀರಿಕೊಂಡರು. ಬಹುಪಾಲು ಮರೆತೇ ಹೋಗಿದ್ದ ಅವರ ಹೆಸರನ್ನು ಹೆಚ್ಚು ಜನರಿಗೆ ಮುಟ್ಟಿಸಿದ್ದು ಇತಿಹಾಸಕಾರ ರಾಮಚಂದ್ರ ಗುಹಾ ಅವರ ಬರಹ.

ಹಾಗಾದರೆ ಆ ಫಾರ್ವರ್ಡ್ ಸುಳ್ಳೇ?

ಅರ್ಧ ಸತ್ಯ. ಪ್ರತಿಭೆ ಬಾಲೂ ಅವರನ್ನು ಮೈದಾನದೊಳಕ್ಕೆ ತಂದಿತು, ನಿಜ. ಪೆವಿಲಿಯನ್ ಒಳಕ್ಕೆ ತರಲು ಅದಷ್ಟೇ ಸಾಕಾಗಲಿಲ್ಲ. ರಾಬಿನ್ಸನ್ ಅವರಿಗಿಂತ ಮೊದಲೂ ಚೆನ್ನಾಗಿ ಆಡುವ ಕಪ್ಪು ಆಟಗಾರರು ಅಮೆರಿಕದಲ್ಲಿ ಬೇಕಾದಷ್ಟು ಇದ್ದರು. ಅವರಿಗೆ ಕೊರತೆ ಇದ್ದದ್ದು ಬಾಗಿಲು ತೆಗೆಯುವವರದು. ಮೊದಲಿಗರ ದಿನವನ್ನು ನೆನೆಯುವುದು ಒಳ್ಳೆಯದು. ಆ ಬಾಗಿಲು ಅಷ್ಟು ಕಾಲ ಯಾಕೆ ಮುಚ್ಚಿತ್ತು ಎಂದು ಕೇಳುವುದು ಇನ್ನೂ ಒಳ್ಳೆಯದು.

ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಊರುಗಳಲ್ಲೂ ಟೆನಿಸ್ ಬಾಲ್ ಪಂದ್ಯಾವಳಿ ನಡೆಯುತ್ತವೆ. ಅಲ್ಲಿ ಪಿಚ್ ಗುಡಿಸುವವರು ಯಾರು, ನಾಯಕ ಯಾರು, ಪಂದ್ಯ ಮುಗಿದ ಮೇಲೆ ಎಲ್ಲರೂ ಒಂದೇ ಕಡೆ ಕುಳಿತು ಉಣ್ಣುತ್ತಾರೆಯೇ ಎಂದು ಗಮನಿಸಿ. ಅರ್ಧ ಸತ್ಯದ ಆ ಸಂದೇಶ ಮತ್ತೆ ಬಂದರೆ, ಬಾಲೂ ಅವರ ಕತೆಯನ್ನೂ ಅದೇ ಗುಂಪಿಗೆ ಕಳಿಸಿ.