ಐದನೆಯ ಆಯಾಮದ ಅಧ್ಯಾಪಕ ಥಿಯೋಡೋರ್ ಕಲುಝಾ

1885ರಲ್ಲಿ ಜನಿಸಿದ ಜರ್ಮನಿಯ ಗಣಿತಜ್ಞ ಥಿಯೋಡೋರ್ ಕಲುಝಾ ಅವರು ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1909ರಿಂದ ಇಪ್ಪತ್ತು ವರ್ಷ ನಿಶ್ಚಿತ ವೇತನವಿಲ್ಲದ ಅಧ್ಯಾಪಕರಾಗಿಯೇ ದುಡಿದರು. ವಿದ್ಯಾರ್ಥಿಗಳು ತೆತ್ತ ಶುಲ್ಕವಷ್ಟೇ ಆ ಹುದ್ದೆಯ ಆದಾಯ. ಅಂತಹ ದಿನಗಳಲ್ಲಿ, 1919ರಲ್ಲಿ, ಅವರು ಐನ್‌ಸ್ಟೈನರಿಗೆ ಒಂದು ಪ್ರಬಂಧವನ್ನು ಕಳುಹಿಸಿದರು. ದೇಶದ ಮೂರು ಆಯಾಮಗಳು, ಕಾಲದ ಒಂದು. ಇವುಗಳಿಗೆ ಇನ್ನೊಂದನ್ನು ಕೂಡಿಸಿ ಸಾಪೇಕ್ಷತೆಯ ಸಮೀಕರಣಗಳನ್ನು ಬರೆದರೆ ಗುರುತ್ವದೊಡನೆ ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತ ನಿಯಮಗಳೂ ತಾವಾಗಿಯೇ ಮೂಡಿಬರುತ್ತವೆ ಎಂಬುದು ಅದರ ತಿರುಳು. ಐನ್‌ಸ್ಟೈನರು ಮೊದಲು ಮೆಚ್ಚಿದರು, ಬಳಿಕ ಶಂಕಿಸಿದರು. ಪ್ರಬಂಧವು ಬೆಳಕು ಕಂಡದ್ದು 1921ರಲ್ಲಿ. ಆ ಆಯಾಮ ಅತಿ ಸೂಕ್ಷ್ಮವಾಗಿ ಸುರುಳಿಗೊಂಡಿರುವುದರಿಂದಲೇ ಕಣ್ಣಿಗೆ ಬೀಳದೆಂದು 1926ರಲ್ಲಿ ಆಸ್ಕರ್ ಕ್ಲೈನ್ ಸೂಚಿಸಿದರು. ಇಷ್ಟಾದರೂ ಕಲುಝಾ ಅವರಿಗೆ ಕೀಲ್ ನಗರದಲ್ಲಿ ಪ್ರಾಧ್ಯಾಪಕ ಪದವಿ ದೊರೆತದ್ದು 1929ರಲ್ಲಿ, ಅದೂ ಐನ್‌ಸ್ಟೈನರ ಬೆಂಬಲದಿಂದ. 1954ರಲ್ಲಿ ಗ್ಯೋಟಿಂಗನ್‌ನಲ್ಲಿ ಅವರು ನಿಧನರಾದರು. ನಮ್ಮ ವಿಶ್ವವೇ ಐದು ಆಯಾಮಗಳೊಳಗಣ ಒಂದು ಪೊರೆಯಾಗಿರಬಹುದೆಂಬ ರ‍್ಯಾಂಡಲ್ ಮತ್ತು ಸುಂದ್ರಮ್ ಅವರ ಊಹೆ 1999ರಲ್ಲಿ ಬಂದಿತು. ಪ್ರಯೋಗಶಾಲೆಗಳಿಗೆ ಆ ಆಯಾಮದ ಸುಳಿವು ಇನ್ನೂ ದೊರೆತಿಲ್ಲ.