ಹಮ್‌ದರ್ದಿಯ ಗುಡಾರ: ಹಜರತ್ ರುಫೈದಾ ಅಲ್-ಅಸ್ಲಮಿಯಾ(ರ)



ನರ್ಸ್ ಎಂದೊಡನೆ ನಿಮಗೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ನೆನಪಾಗುತ್ತದೆ. ಅದು ಸಹಜವೇ. 1854ರಲ್ಲಿ ಅವರು ಕ್ರೈಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದರು. 1860ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಆರಂಭವಾಯಿತು. ಅವರ ಹುಟ್ಟಿದ ದಿನವಾದ ಮೇ 12ನ್ನೇ ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಆದರೆ ಅವರಿಗಿಂತ 1,200 ವರ್ಷಗಳಿಗೂ ಹಿಂದೆ ಮದೀನಾದಲ್ಲಿ ಒಬ್ಬ ಹೆಣ್ಣುಮಗಳು ಗಾಯಾಳುಗಳಿಗಾಗಿ ಗುಡಾರ ಹಾಕಿ ಕುಳಿತಿದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರೇ ಹಜರತ್ ರುಫೈದಾ(ರ).

ರುಫೈದಾ(ರ) ಅಸ್ಲಮ್ ಗೋತ್ರದವರು. ಅವರ ತಂದೆ ಸಅದ್ ವೈದ್ಯರಾಗಿದ್ದರು, ಮಗಳು ತಂದೆಯ ಜೊತೆಗಿದ್ದೇ ಚಿಕಿತ್ಸೆ ಕಲಿತರು ಎಂದು ನಂತರದ ಲೇಖಕರು ಹೇಳುತ್ತಾರೆ. ಅವರು ಗಾಯಾಳುಗಳ ಆರೈಕೆ ಮಾಡುತ್ತಿದ್ದರು, ನೋಡಿಕೊಳ್ಳುವವರಿಲ್ಲದ ಮುಸ್ಲಿಮರ ಸೇವೆಗೆ ತಮ್ಮನ್ನು ಮುಡಿಪಾಗಿಟ್ಟಿದ್ದರು ಎಂದು ಪ್ರವಾದಿಯವರ ಆರಂಭಿಕ ಚರಿತ್ರೆಕಾರರಲ್ಲೊಬ್ಬರಾದ ಇಬ್ನ್ ಇಸ್‌ಹಾಕ್ ದಾಖಲಿಸಿದ್ದಾರೆ.

ಹಿಜರಿ 5, ಅಂದರೆ ಕ್ರಿ.ಶ. 627. ಖಂದಕ್ ಯುದ್ಧದಲ್ಲಿ ಔಸ್ ಗೋತ್ರದ ನಾಯಕ ಹಜರತ್ ಸಅದ್ ಬಿನ್ ಮುಆಝ್(ರ) ಅವರ ತೋಳಿಗೆ ಬಾಣ ನೆಟ್ಟಿತು. ರಕ್ತನಾಳವೇ ಕತ್ತರಿಸಿತು. ಅವರನ್ನು ರುಫೈದಾರ ಗುಡಾರಕ್ಕೆ ಒಯ್ಯುವಂತೆ ಪ್ರವಾದಿ ಮುಹಮ್ಮದ್(ಸ) ಆಜ್ಞಾಪಿಸಿದರು. ಆ ಗುಡಾರ ಇದ್ದದ್ದು ಎಲ್ಲಿ ಗೊತ್ತೇ? ಊರ ಹೊರಗಲ್ಲ, ಮಸ್ಜಿದುನ್ನಬವಿಯ ಆವರಣದಲ್ಲೇ! ಹತ್ತಿರವಿದ್ದರೆ ತಾವೇ ಹೋಗಿ ನೋಡಬಹುದು ಎಂಬುದು ಪ್ರವಾದಿಯವರ(ಸ) ಇಚ್ಛೆಯಾಗಿತ್ತು. ಸಂಜೆ ಆ ದಾರಿಯಲ್ಲಿ ಹೋಗುವಾಗ ಈ ಸಂಜೆ ಹೇಗಿದ್ದೀರಿ ಎಂದೂ, ಬೆಳಿಗ್ಗೆ ಈ ಬೆಳಿಗ್ಗೆ ಹೇಗಿದ್ದೀರಿ ಎಂದೂ ಅವರು ಸಅದ್‌ರನ್ನು ವಿಚಾರಿಸುತ್ತಿದ್ದರು. ಕೆಲವು ದಿನಗಳ ನಂತರ ಗಾಯ ಮತ್ತೆ ಒಡೆದು ಸಅದ್(ರ) ಹುತಾತ್ಮರಾದರು. ಜೀವ ಉಳಿಯಲಿಲ್ಲ, ನಿಜ. ಆದರೆ ಕೊನೆಯ ದಿನಗಳಲ್ಲಿ ಅವರು ಒಂಟಿಯಾಗಿರಲಿಲ್ಲ.

ಹಿಜರಿ 7ರಲ್ಲಿ (ಕ್ರಿ.ಶ. 628) ಖೈಬರ್ ಯುದ್ಧಕ್ಕೂ ರುಫೈದಾ(ರ) ಹೋದರೆಂದೂ, ಯೋಧನಿಗೆ ಸಲ್ಲುವ ಪಾಲನ್ನೇ ಅವರಿಗೂ ನೀಡಲಾಯಿತೆಂದೂ ವರದಿಗಳಿವೆ. ಶುಶ್ರೂಷೆ ಮಾಡಿದ ಕೈಗೆ ಕತ್ತಿ ಹಿಡಿದ ಕೈಯಷ್ಟೇ ಗೌರವ! ಅವರು ಇತರ ಮಹಿಳೆಯರಿಗೂ ಈ ಕೆಲಸವನ್ನು ಕಲಿಸಿದರೆಂಬ ನೆನಪಿನಿಂದಲೇ ಇಂದು ಅವರ ಹೆಸರು ನರ್ಸಿಂಗ್ ಶಿಕ್ಷಣದೊಂದಿಗೆ ಸೇರಿಕೊಂಡಿದೆ. ದೆಹಲಿಯ ಜಾಮಿಯಾ ಹಮ್‌ದರ್ದ್ ತನ್ನ ನರ್ಸಿಂಗ್ ಕಾಲೇಜಿಗೆ ರುಫೈದಾರ ಹೆಸರಿಟ್ಟಿತು.

ಈಗ ಒಂದು ಮಾತನ್ನು ಗಮನಿಸಿ. ಉರ್ದುವಿನಲ್ಲಿ ಹಮ್‌ದರ್ದಿ ಎನ್ನುತ್ತೇವೆ. ಹಮ್ ಎಂದರೆ ಜೊತೆ, ದರ್ದ್ ಎಂದರೆ ನೋವು. ಕನ್ನಡದಲ್ಲಿ ಸಹಾನುಭೂತಿ ಎನ್ನುತ್ತೇವೆ. ಸಹ ಎಂದರೆ ಜೊತೆ, ಅನುಭೂತಿ ಎಂದರೆ ಅನುಭವ. ಎರಡು ಭಾಷೆಗಳೂ ಹೇಳುವುದು ಒಂದನ್ನೇ. ದೂರ ನಿಂತು ಅಯ್ಯೋ ಪಾಪ ಎನ್ನುವುದು ಮರುಕ. ಹತ್ತಿರ ಕುಳಿತು ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯುವುದು ಹಮ್‌ದರ್ದಿ.

ಇದು ಹುಟ್ಟಿನಿಂದ ಬರುವ ಗುಣ, ಕಲಿಸಲಾಗದು ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಇಂಜೆಕ್ಷನ್ ಕೊಡುವುದನ್ನು ಕಲಿಯುವಂತೆ ಇದನ್ನೂ ಅಭ್ಯಾಸದಿಂದ ಕಲಿಯಬಹುದು. ತರಬೇತಿಯಲ್ಲಿ ಒಬ್ಬ ವಿದ್ಯಾರ್ಥಿನಿ ರೋಗಿಯಂತೆ ಮಂಚದ ಮೇಲೆ ಮಲಗುತ್ತಾಳೆ, ಇನ್ನೊಬ್ಬಳು ನರ್ಸ್ ಆಗುತ್ತಾಳೆ, ಉಳಿದವರು ನೋಡಿ ತಿದ್ದುತ್ತಾರೆ. ನಿಂತು ಮಾತಾಡುವ ಬದಲು ಕುಳಿತು ಮುಖ ನೋಡಿ ಮಾತಾಡುವುದು, ಹೆಸರು ಹಿಡಿದು ಕರೆಯುವುದು, ರೋಗಿ ಹೇಳಿದ್ದನ್ನು ಮರಳಿ ಹೇಳಿ ಸರಿಯೇ ಎಂದು ಕೇಳುವುದು, ಸೂಜಿ ಚುಚ್ಚುವ ಮೊದಲು ತಿಳಿಸುವುದು. ಇಷ್ಟನ್ನು ರೂಢಿಸಿಕೊಂಡರೆ ಸಾಕು, ರೋಗಿಯ ಅರ್ಧ ಭಯ ಹೋಗುತ್ತದೆ. ಭಯ ಹೋದ ರೋಗಿ ಮಾತ್ರ ತನ್ನ ಬೇನೆಯನ್ನು ಮುಚ್ಚಿಡದೆ ಹೇಳುತ್ತಾನೆ.

ನಮ್ಮ ಜಿಲ್ಲೆಗೆ ಇದು ಎಷ್ಟು ಅಗತ್ಯ ಎಂದು ಯೋಚಿಸಿ. ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಯಾಳು, ಕುರುಗೋಡಿನ ಹಳ್ಳಿಯ ಬಾಣಂತಿ ದೊಡ್ಡ ಕಾಯಿಲೆಯಾದರೆ ಬರುವುದು ಬಳ್ಳಾರಿಗೇ. 1961ರಲ್ಲಿ ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆರಂಭವಾದಾಗಿನಿಂದ ಸುತ್ತಲಿನ ಬಡವರಿಗೆ ಅದೇ ಆಸರೆ. ವಾರ್ಡಿನಲ್ಲಿ ಒಬ್ಬರು ಕನ್ನಡ, ಒಬ್ಬರು ತೆಲುಗು, ಒಬ್ಬರು ನಮ್ಮ ದಖನಿ ಉರ್ದು ಆಡುತ್ತಾರೆ. ಯಾವ ಚೀಟಿ ಎಲ್ಲಿ ಕೊಡಬೇಕೆಂದು ತಿಳಿಯದೆ ನಿಂತ ಮುದುಕಿಗೆ ಅವಳ ಮಾತಿನಲ್ಲೇ ಬಾ ಅಮ್ಮ, ಕೂತ್ಕೋ ಎನ್ನುವ ಒಬ್ಬ ನರ್ಸ್ ಸಿಕ್ಕರೆ ಅದೇ ಅರ್ಧ ಔಷಧಿ. ಈ ಎರಡು-ಮೂರು ಭಾಷೆಗಳು ಮನೆಯಿಂದಲೇ ಬಂದಿರುವ ನಮ್ಮ ಹೆಣ್ಣುಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಯಾರು?

ಆದರೂ ಪಾಲಕರು ಹಿಂಜರಿಯುತ್ತಾರೆ. ರಾತ್ರಿ ಪಾಳಿ, ಪರಪುರುಷರ ಶುಶ್ರೂಷೆ, ಮದುವೆಗೆ ತೊಡಕು ಎನ್ನುತ್ತಾರೆ. ಮಗಳ ಸುರಕ್ಷತೆಯ ಚಿಂತೆ ತಪ್ಪಲ್ಲ. ಹಾಸ್ಟೆಲ್, ಹೋಗಿಬರುವ ವ್ಯವಸ್ಥೆ ವಿಚಾರಿಸಿಯೇ ಸೇರಿಸಿ. ಆದರೆ ವೃತ್ತಿಯೇ ಹಗುರವಾದದ್ದು ಎನ್ನುವವರು ಮಸೀದಿಯ ಆವರಣದ ಆ ಗುಡಾರವನ್ನು ನೆನೆಯಲಿ. ಪ್ರವಾದಿಯವರು(ಸ) ಮನ್ನಿಸಿದ ಸೇವೆ ನಮಗೆ ಕೀಳಾಗುವುದು ಹೇಗೆ?

ವಿದ್ಯಾರ್ಥಿನಿಯರೇ, ಪಿ.ಯು.ಸಿ. ನಂತರ ಮೂರು ವರ್ಷಗಳ ಜಿ.ಎನ್.ಎಂ. ಇದೆ, ವಿಜ್ಞಾನ ಓದಿದವರಿಗೆ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇದೆ. ಹುಡುಗರಿಗೂ ಈ ಬಾಗಿಲು ತೆರೆದಿದೆ. ಸಂಘದ ಸದಸ್ಯರೇ, ವಿದ್ಯಾರ್ಥಿವೇತನ ಹಂಚುವಾಗ ಡಾಕ್ಟರ್, ಎಂಜಿನಿಯರ್‌ಗಳ ಜೊತೆ ನರ್ಸಿಂಗ್ ಓದುವ ಬಡ ಮಕ್ಕಳನ್ನೂ ನೆನೆಯಿರಿ. ಆಸ್ಪತ್ರೆಗೆ ಹೋದಾಗ ದಣಿದ ನರ್ಸ್ ಮೇಲೆ ದನಿ ಏರಿಸುವ ಮುನ್ನ ಅವರಿಗೂ ಹೇಗಿದ್ದೀರಿ ಎಂದು ಒಮ್ಮೆ ಕೇಳಿ. ಹಮ್‌ದರ್ದಿ ಎರಡೂ ಕಡೆಯಿಂದ ಹರಿಯಬೇಕು.

ರುಫೈದಾ(ರ) ಅವರ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವ ತೌಫೀಕನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.